ಠಾಣೆಯಲ್ಲಿ ರಾತ್ರಿಯಿಡೀ ಕೂರಿಸಿದರು, ದೂರು ಯಾರಿಗೆ ಕೊಡೋದು? (ಮುಂಬೈ)

ಘಾಟ್ಕೋಪರ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗ ಇಲ್ಲೇ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. ಹೋದ ವಾರ ರಾತ್ರಿ ಶಟರ್ ಎಳೆದು ರೂಮಿಗೆ ಹೊರಟವನನ್ನು ನಾಕಾಬಂದಿಯಲ್ಲಿ ನಿಲ್ಲಿಸಿದರು. ಸ್ಕೂಟರ್ ಕಾಗದ ಎಲ್ಲಾ ಸರಿ ಇತ್ತು. ಮಾತಿಗೆ ಮಾತು ಬೆಳೆದು ಠಾಣೆಗೆ ಕರೆದುಕೊಂಡು ಹೋಗಿ, ಫೋನ್ ಕಿತ್ತುಕೊಂಡು, ಕೆನ್ನೆಗೆ ಎರಡು ಬಾರಿಸಿ ಬೆಳಗಿನವರೆಗೆ ಬೆಂಚಿನ ಮೇಲೆ ಕೂರಿಸಿದ್ದಾರೆ. ನನಗೆ ತಿಳಿಸಲೂ ಬಿಡಲಿಲ್ಲ. ಬಿಡುವಾಗ ಮರಾಠಿಯಲ್ಲಿದ್ದ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡರಂತೆ. ಕೇಸೂ ಇಲ್ಲ, ಏನೂ ಇಲ್ಲ.

ನಾನು ಅರ್ಜಿ ಬರೆದುಕೊಂಡು ಅದೇ ಠಾಣೆಗೆ ಹೋದೆ. ಹವಾಲ್ದಾರ್ ಪೂರ್ತಿ ಓದಿದರು, ನೀಟಾಗಿ ಮಡಚಿದರು, ನನ್ನ ಕೈಗೇ ವಾಪಸ್ ಕೊಟ್ಟರು. "ಸಾಹೇಬರು ಬರಲಿ, ನೋಡೋಣ." ಹೋಟೆಲ್ ಸೇಟು ನೋಡಿದರೆ ಸುಮ್ನೆ ಬಿಟ್ಟುಬಿಡು ಅಂತಾರೆ. ಪೊಲೀಸರ ಮೇಲೆ ಪೊಲೀಸರಿಗೇ ದೂರು ಕೊಟ್ಟರೆ ಏನಾದರೂ ಆಗುತ್ತಾ?

ಫೋರ್ಟ್ ಕರಿಕೋಟು:
ಆ ಠಾಣೆಗೆ ಮತ್ತೆ ಹೋಗಬೇಡಿ ಸಾರ್. ನಿಮ್ಮ ಝೋನಿನ ಡಿಸಿಪಿ ಆಫೀಸಿಗೆ ಹೋಗಿ, ಒಂದು ಪ್ರತಿ ಪೊಲೀಸ್ ಕಮಿಷನರ್ ಆಫೀಸಿಗೂ ಕೊಡಿ. ಎರಡು ಕಡೆಯೂ ನಿಮ್ಮ ಪ್ರತಿಯ ಮೇಲೆ ಆವಕ್ ಠಸ್ಸೆ (ಅರ್ಜಿ ಬಂತು ಅನ್ನೋ ಮುದ್ರೆ), ನಂಬರ್, ತಾರೀಖು ಬೀಳಲೇಬೇಕು. ಠಸ್ಸೆ ಇಲ್ಲದ ಅರ್ಜಿ ಕೊಟ್ಟಂತೆ ಅಲ್ಲ. ಮರಾಠಿಯಲ್ಲಿ ಬರೆಸಿದರೆ ಬೇಗ ಓದುತ್ತಾರೆ.

ಇನ್ನೊಂದು ದಾರಿ ಪೊಲೀಸ್ ದೂರು ಪ್ರಾಧಿಕಾರ, ಅಂದರೆ ಪೊಲೀಸರ ಮೇಲಿನ ದೂರು ವಿಚಾರಿಸುವ ಸಂಸ್ಥೆ. ಪ್ರಕಾಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಪ್ರತಿ ರಾಜ್ಯವೂ ಇದನ್ನು ಮಾಡಲಿ ಅಂದಿತು, ಮಹಾರಾಷ್ಟ್ರ 2014ರಲ್ಲಿ ಪೊಲೀಸ್ ಕಾಯ್ದೆಗೆ ಸೇರಿಸಿಕೊಂಡಿತು. ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಅಧ್ಯಕ್ಷರು. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಅವರು ಎಲ್ಲಾ ದೂರೂ ತೆಗೆದುಕೊಳ್ಳುವುದಿಲ್ಲ. ಕಸ್ಟಡಿ ಸಾವು, ತೀವ್ರ ಗಾಯ, ಅತ್ಯಾಚಾರ, ಕಾನೂನು ಬಿಟ್ಟು ಬಂಧಿಸುವುದು ಅಥವಾ ಕೂಡಿಹಾಕುವುದು, ಲಂಚ, ಸುಲಿಗೆ, ಜಾಗ ಕಬಳಿಸುವುದು, ಇಂಥವು. ಕೆನ್ನೆಗೆ ಎರಡು ಬಿದ್ದದ್ದು 'ತೀವ್ರ ಗಾಯ' ಆಗುವುದಿಲ್ಲ. ಜನ ಹೊಡೆತದ ಬಗ್ಗೆಯೇ ಎರಡು ಪುಟ ಬರೆದು, ರಾತ್ರಿಯಿಡೀ ಕೂಡಿಹಾಕಿದ್ದನ್ನು ಕೊನೆಯ ಸಾಲಿಗೆ ತಳ್ಳುತ್ತಾರೆ. ನೀವು ಅದನ್ನೇ ಮೊದಲು ಬರೆಯಿರಿ. ಎಷ್ಟು ಗಂಟೆಗೆ ಒಳಗೆ, ಎಷ್ಟು ಗಂಟೆಗೆ ಹೊರಗೆ, ಬಂಧನದ ಮೆಮೊ (ಬಂಧಿಸಿದ್ದಕ್ಕೆ ಬರೆಯುವ ಕಾಗದ) ಕೊಟ್ಟರಾ, ಮನೆಗೆ ತಿಳಿಸಿದರಾ. ಸುಪ್ರೀಂ ಕೋರ್ಟಿನ ಡಿ.ಕೆ. ಬಸು ಕೇಸಿನಿಂದ ಮೆಮೊ, ಮನೆಗೆ ತಿಳಿಸುವುದು, ಇವೆರಡೂ ಕಡ್ಡಾಯ. ಹೊಡೆತವನ್ನೂ ಬರೆಯಿರಿ, ಆಸ್ಪತ್ರೆಗೆ ಹೋಗಿದ್ದರೆ ಆ ಕಾಗದವನ್ನೂ ಇಡಿ.

ಪುಣೆ ಪೇಟೆ:
ವಕೀಲರು ಹೇಳಿದ್ದು ಸರಿ, ಆದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ ಅಣ್ಣ. ಡಿಸಿಪಿಗೆ ಕೊಟ್ಟ ಅರ್ಜಿ ಎಸಿಪಿಗೆ ಬರುತ್ತೆ, ಎಸಿಪಿ ಅದೇ ಠಾಣೆಯಿಂದ ವರದಿ ಕೇಳುತ್ತಾರೆ, ವರದಿಯಲ್ಲಿ "ಸದರಿ ವ್ಯಕ್ತಿ ತಾನಾಗಿಯೇ ಬಂದು ಕೂತಿದ್ದ" ಅಂತ ಇರುತ್ತೆ. ನಿಮ್ಮ ಹುಡುಗ ಸಹಿ ಹಾಕಿದ ಕಾಗದ ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಪ್ರಾಧಿಕಾರದಲ್ಲೂ ಪೊಲೀಸ್ ಇಲಾಖೆಯಿಂದ ಬಂದ ಸದಸ್ಯರು ಇರುತ್ತಾರೆ. ಅದು ಶಿಕ್ಷೆ ಕೊಡೋದಿಲ್ಲ, ಸರ್ಕಾರಕ್ಕೆ ವರದಿ ಕಳಿಸುತ್ತೆ.

ದಾದರ್ ಲೋಕಲ್:
ಅದಕ್ಕೇ ಸಿಸಿಟಿವಿ ಹಿಂದೆ ಬೀಳಬೇಕು. 2020ರ ಡಿಸೆಂಬರಿನಲ್ಲಿ ಪರಮವೀರ್ ಸಿಂಗ್ ಸೈನಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಠಾಣೆಗೂ ಕ್ಯಾಮೆರಾ ಕಡ್ಡಾಯ ಮಾಡಿದೆ. ಒಳಗೆ ಬರುವ ಬಾಗಿಲು, ಲಾಕಪ್, ಕಾರಿಡಾರ್, ಎಲ್ಲಾ ಕಡೆ. ರೆಕಾರ್ಡಿಂಗ್ 18 ತಿಂಗಳು ಇಡಬೇಕು. "ಇಂಥ ತಾರೀಖು, ಇಷ್ಟು ಗಂಟೆಯಿಂದ ಇಷ್ಟು ಗಂಟೆಯ ರೆಕಾರ್ಡಿಂಗ್ ಅಳಿಸಬೇಡಿ" ಅಂತ ಈಗಲೇ ಬರೆದು ಕೊಡಿ, ಜೊತೆಗೆ ಹತ್ತು ರೂಪಾಯಿಯ ಆರ್‌ಟಿಐ ಒಂದು ಹಾಕಿ. ಕ್ಯಾಮೆರಾ ಕೆಟ್ಟಿತ್ತು ಅಂದರೆ ಅದನ್ನೂ ಬರವಣಿಗೆಯಲ್ಲೇ ಕೊಡಲಿ. ತಾನಾಗಿಯೇ ಬಂದು ಕೂತವನ ಫೋನ್ ಯಾಕೆ ಕಿತ್ತುಕೊಂಡಿರಿ ಅಂತ ಕೇಳೋಕೆ ಆ ವಿಡಿಯೊ ಬೇಕು.

ಮಾಪ್ಸಾ ಮಾವ:
ಗೋವಾದಲ್ಲೂ ಪಣಜಿಯಲ್ಲಿ ಇಂಥದ್ದೇ ಪ್ರಾಧಿಕಾರ ಇದೆ. ನಮ್ಮ ಕಡೆಯ ಕಟ್ಟಡ ಕೆಲಸದ ಹುಡುಗರಿಗೆ ಇದು ಇದೆ ಅಂತಲೇ ಗೊತ್ತಿಲ್ಲ. ಅಂದಹಾಗೆ ದುಡ್ಡು ಕೇಳಿದ್ದರಾ? ಕೇಳಿದ್ದರೆ ಅದು ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ವಿಷಯ, 1064ಕ್ಕೆ ಫೋನ್ ಮಾಡಿ.

ಘಾಟ್ಕೋಪರ್ ಕನ್ನಡಿಗ:
ದುಡ್ಡು ಕೇಳಲಿಲ್ಲ ಮಾವ. ಹುಡುಗ ಹೆದರಿ ಕುಂದಾಪುರಕ್ಕೆ ಹೋಗಿ ಕೂತಿದ್ದಾನೆ. ಅವನ ಬದಲು ನಾನೇ ದೂರು ಕೊಡಬಹುದಾ?

ಫೋರ್ಟ್ ಕರಿಕೋಟು:
ದೂರು ಅವನ ಹೆಸರಿನಲ್ಲೇ ಇರಲಿ, ಅದೇ ಗಟ್ಟಿ. ಅಲ್ಲಿಂದಲೇ ಸಹಿ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಲಿ, ರಸೀದಿ ಇಟ್ಟುಕೊಳ್ಳಲಿ. ಕುಂದಾಪುರದಲ್ಲೇ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದರೆ ಇನ್ನೂ ಒಳ್ಳೆಯದು. ಹೇಳಿಕೆಗೆ ಕರೆದ ದಿನ ಮಾತ್ರ ಅವನೇ ಬರಬೇಕು, ನೀವು ಜೊತೆಗೆ ಹೋಗಿ. ಮಾನವ ಹಕ್ಕು ಆಯೋಗಕ್ಕೆ ಕೊಡುವ ಯೋಚನೆ ಇದ್ದರೆ ಘಟನೆ ಆದ ಒಂದು ವರ್ಷದೊಳಗೆ ಕೊಡಿ, ಆಮೇಲೆ ಅವರು ಮುಟ್ಟುವುದಿಲ್ಲ. ಮತ್ತೆ ಸೇಟು ಹೆಸರು ಎಲ್ಲೂ ಬರೆಯಬೇಡಿ, ಅದರ ಅಗತ್ಯವೇ ಇಲ್ಲ.