ಪದಚರ್ಚೆ: ಕೋಶದ ಅಂಚೋ, ಹುಣಿಯೋ, ಬದುವೋ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಪದವಿ ವಿದ್ಯಾರ್ಥಿಗಳಿಗಾಗಿ ಸೂಕ್ಷ್ಮದರ್ಶಕದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಬಗ್ಗೆ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಕೋಶದ ಎಲ್ಲೆಯನ್ನು ಹೇಳುವ ‘ಬೌಂಡರಿ’ಗೆ ತಕ್ಕ ಕನ್ನಡ ಪದ ಸಿಗದೆ ಬರವಣಿಗೆ ನಿಂತಿದೆ.

ತಂತ್ರಾಂಶ ಚಿತ್ರವನ್ನು ಕೋಶಗಳಾಗಿ ವಿಂಗಡಿಸಿದ ಮೇಲೆ ಪ್ರತಿ ಪಿಕ್ಸೆಲ್‌ಗೂ (ಚಿತ್ರದ ಅತಿ ಸಣ್ಣ ಚುಕ್ಕೆಗೂ) ಒಂದು ಅಂಕಿ ಸಿಗುತ್ತದೆ: ಹಿನ್ನೆಲೆಗೆ 0, ಕೋಶಗಳಿಗೆ 1, 2, 3 ಹೀಗೆ. ಪಕ್ಕದ ಅಂಕಿ ಬದಲಾದಲ್ಲಿ ಕೋಶ ಮುಗಿಯಿತು. ಆ ಕೊನೆಯ ಸುತ್ತಿನ ಪಿಕ್ಸೆಲ್‌ಗಳು ಕೋಶದ್ದೇ ಸೊತ್ತು, ಅವು ‘ಅಂಚು’. ಇಲ್ಲಿಯವರೆಗೆ ತಕರಾರಿಲ್ಲ.

ತೊಡಕು ಇರುವುದು ‘ವಾಟರ್‌ಶೆಡ್’ ವಿಧಾನದಲ್ಲಿ: ಅದು ಚಿತ್ರವನ್ನು ಏರುತಗ್ಗಿನ ನೆಲವೆಂದು ಭಾವಿಸಿ, ತಗ್ಗುಗಳಲ್ಲಿ ನೀರು ತುಂಬಿಸಿದಂತೆ ಕೋಶಗಳನ್ನು ಬೇರ್ಪಡಿಸುತ್ತದೆ. ಒತ್ತಿಕೊಂಡಿರುವ ಎರಡು ಕೋಶಗಳ ನಡುವೆ ಯಾವುದಕ್ಕೂ ಸೇರದ, ಒಂದೇ ಪಿಕ್ಸೆಲ್ ಅಗಲದ ಗೆರೆಯನ್ನು ಅದು ಬಿಡಬಲ್ಲದು. ‘ವಾಟರ್‌ಶೆಡ್’ಗೆ ಸರ್ಕಾರಿ ಕಡತಗಳಲ್ಲಿ ಬಳಕೆಯಾಗುವ ‘ಜಲಾನಯನ’ ನೀರು ಹರಿದು ಸೇರುವ ಪ್ರದೇಶವನ್ನು ಹೇಳುತ್ತದೆ. ಈ ವಿಧಾನದಲ್ಲಿ ಅದು ಕೋಶವೇ ಆಗಿಬಿಡುತ್ತದೆ! ನಮಗೆ ಬೇಕಾದದ್ದು ನೀರನ್ನು ಬೇರ್ಪಡಿಸುವ ಏಣು. ಆಗುಂಬೆಯ ನೆತ್ತಿಯ ಮಳೆ ಪಡುವಣಕ್ಕೆ ಇಳಿದರೆ ಸೀತಾ ನದಿ, ಮೂಡಣಕ್ಕೆ ಸರಿದರೆ ತುಂಗೆ. ಭೂಗೋಳದ ‘ಜಲವಿಭಾಜಕ’ ಅರ್ಥಕ್ಕೆ ಸರಿ, ನಾಲಿಗೆಗೆ ಭಾರ. ಎರಡು ಗದ್ದೆಗಳ ನಡುವಿನ ಮಣ್ಣಿನ ಏರಿಗೆ ಕರಾವಳಿಯಲ್ಲಿ ‘ಹುಣಿ’ ಎನ್ನುತ್ತೇವೆ, ತುಳುವಿನಲ್ಲಿ ‘ಪುಣಿ’. ನನ್ನ ಒಲವು ‘ಹುಣಿ’ಯತ್ತ.

ಸ್ನೇಹಿತರೊಬ್ಬರು ‘ಕೋಶಪೊರೆ’ ಎಂದೇ ಬರೆಯಿರಿ ಎಂದರು. ಒಪ್ಪಲಾರೆ. ಪೊರೆಯ ದಪ್ಪ ಸುಮಾರು 10 ನ್ಯಾನೋಮೀಟರಿನೊಳಗೆ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕವೋ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬಿಡಿಸಿ ತೋರಿಸದು. ಲೆಕ್ಕ ಹಾಕಿ ಎಳೆದ ಗೆರೆಯನ್ನು ಪೊರೆ ಎಂದು ಕರೆದರೆ, ಪೊರೆಯನ್ನೇ ಅಳೆದೆವೆಂದು ಮಕ್ಕಳು ನಂಬಿಬಿಡುತ್ತಾರೆ.

ಇನ್ನು ಶುಚಿಗೊಳಿಸುವ ಕೆಲಸ. ಅಂಚಿನಿಂದ ಚಾಚಿಕೊಂಡ ಎಳೆಗಳನ್ನು ಕಳೆಯಲು ಮೊದಲು ‘ಎರೋಷನ್’, ಬಳಿಕ ‘ಡೈಲೇಷನ್’. ಮೊದಲನೆಯದಕ್ಕೆ ‘ಕೊರೆತ’ ಎನ್ನೋಣವೆಂದರೆ ಉಳ್ಳಾಲದ ಕಡಲ್ಕೊರೆತ ಅಡ್ಡ ಬರುತ್ತದೆ: ಅಲ್ಲಿ ನೆಲ ಹೋಗುವುದು ಒಂದೇ ಮಗ್ಗುಲಿನಿಂದ, ಇಲ್ಲಿ ಸುತ್ತಲೂ ಒಂದೊಂದು ಪದರ. ಹಾಗಾಗಿ ‘ಸವಕಳಿ’ ಇಟ್ಟಿದ್ದೇನೆ. ಎರಡನೆಯದು ‘ಹಿಗ್ಗಿಕೆ’: ಸವೆದ ಕೋಶ ಹೆಚ್ಚುಕಡಿಮೆ ಹಳೆಯ ಗಾತ್ರಕ್ಕೆ ಬರುತ್ತದೆ, ಪೂರ್ತಿ ಸವೆದುಹೋದ ಎಳೆ, ಚುಕ್ಕೆಗಳು ಮರಳುವುದಿಲ್ಲ.

ಈಗ ನಿಮ್ಮನ್ನು ಕೇಳುವುದು ಇಷ್ಟು. ‘ಹುಣಿ’ ಎಂದರೆ ಧಾರವಾಡ, ಮೈಸೂರಿನ ಓದುಗರಿಗೆ ತಟ್ಟನೆ ತಿಳಿಯುತ್ತದೆಯೇ? ‘ಬದು’ ಎಂದರೆ ದಪ್ಪ ಮಣ್ಣಿನ ದಿಣ್ಣೆ ಕಣ್ಣಿಗೆ ಬಂದು, ಒಂದು ಪಿಕ್ಸೆಲ್‌ನ ಗೆರೆಗೆ ಅತಿಯಾಗುತ್ತದೆಯೇ? ‘ಹಿಗ್ಗಿಕೆ’ಗಿಂತ ಹಗುರವಾದ ಪದವಿದ್ದರೆ ಅದನ್ನೂ ತಿಳಿಸಿ.