ಹಾಡು ಬೇಕು, ಹಾಡೋರು ಬೇಡ: ನಮ್ಮ ಹಾಸ್ಟೆಲ್ ಗುಂಪಿನ ಭಾನುವಾರದ ಜಗಳ

ವಿನೋದ್: (ಫಾರ್ವರ್ಡ್ ವಿಡಿಯೋ) ‘ಸಿನ್ನರ್ಸ್’ ಅನ್ನೋ ಹಾಲಿವುಡ್ ಸಿನಿಮಾದ ಸೀನ್ ಇದು. ಹುಡುಗ ಗಿಟಾರ್ ಹಿಡಿದು ಹಾಡ್ಲಿಕ್ಕೆ ಶುರು ಮಾಡಿದ್ದೇ ತಡ, ಆಫ್ರಿಕಾದ ಹಿರಿಯರು, ಮುಂದೆ ಹುಟ್ಟಲಿಕ್ಕಿರುವ ಡಿಜೆ, ಎಲ್ಲ ಅದೇ ಕೊಟ್ಟಿಗೆಯಂಥ ಜಾಗದಲ್ಲಿ ಬಂದು ಕುಣೀತಾರೆ. ಕೆಳಗೆ ಯಾರೋ ಬರ್ದಿದ್ದಾರೆ ನೋಡಿ: ಸಂಗೀತಕ್ಕೆ ಬಣ್ಣವಿಲ್ಲ, ಎಲ್ಲರೂ ಒಂದೇ. ಎಂಥ ಸೀನ್ ಮಾರಾಯ್ರೆ!

ಮಂಜು: ಇದನ್ನ ನಾ ಹೇಳಾಕತ್ತೇನಿ ಎಷ್ಟೋ ವರ್ಷದಿಂದ. ಈಗೀಗ ಯಾರು ಏನು ಹಾಡಿದ್ರೂ ‘ಅದು ನಮ್ದು, ಕದ್ದಿ’ ಅಂತ ಬರ್ತಾರ. ಹಾಡಿಗೆ ಪಹಣಿ ಇರತೈತೇನ್ರಿ?

ಸುಮಾ: ಈ ಕ್ಯಾಪ್ಷನ್ ಬರೆದವರು ಸಿನಿಮಾ ಪೂರ್ತಿ ನೋಡಿದ ಹಾಗಿಲ್ಲ. ‘ಎಲ್ಲರೂ ಒಂದೇ, ನಮ್ಮ ಜೊತೆ ಬನ್ನಿ, ಇಲ್ಲಿ ಭೇದ ಇಲ್ಲ’ ಅನ್ನೋ ಧಾಟಿ ಆ ಸಿನಿಮಾದಲ್ಲಿ ಯಾರದ್ದು ಗೊತ್ತಾ? ರಕ್ತ ಹೀರೋ ಪಿಶಾಚಿಯದ್ದು!

ರಫೀಕ್: ಅಯ್ಯೋ ನಾನಿನ್ನೂ ನೋಡಿಲ್ಲ. ಕಥೆ ಹೇಳ್ಬೇಡಿ.

ಸುಮಾ: 2025ರ ಏಪ್ರಿಲ್‌ನಲ್ಲಿ ಬಂದ ಸಿನಿಮಾ ರಫೀಕ್. ಇನ್ನೆಷ್ಟು ಕಾಯ್ಬೇಕು ನಾವು? ಕೇಳು. 1932, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್. ಅವಳಿ ಅಣ್ಣತಮ್ಮಂದಿರು ಹಳೇ ಸಾಮಿಲ್ ಕೊಂಡು ಜೂಕ್ ಜಾಯಿಂಟ್ ತೆಗೀತಾರೆ. ಹಗಲೆಲ್ಲ ಹತ್ತಿ ಬಿಡಿಸೋ ಕಪ್ಪು ಜನ ರಾತ್ರಿ ಸೇರಿ ಕುಡಿದು ಕುಣಿಯೋ ಜಾಗ. ಪಾದ್ರಿಯ ಮಗ ಸ್ಯಾಮಿ ಅಲ್ಲಿ ಹಾಡ್ತಾನೆ. ಆ ಹಾಡು ಕೇಳಿ ರೆಮ್ಮಿಕ್ ಅನ್ನೋ ಐರಿಶ್ ರಕ್ತಪಿಶಾಚಿ ಬಾಗಿಲಿಗೆ ಬರ್ತಾನೆ. ಅವನಿಗೆ ಸ್ಯಾಮಿ ಬೇಕು, ಸ್ಯಾಮಿಯ ಹಾಡು, ನೆನಪು ಎಲ್ಲಾ ಬೇಕು.

ಮಂಜು: ಅಂವಾ ಸಂಗೀತದ ಹುಚ್ಚ. ದ್ವೇಷ ಎಲ್ಲೈತಿ ಅದರಾಗ? ಕಪ್ಪು ಮಂದೀನ ಕೊಲ್ಲೂ ಊರಾಗಿನ ಬಿಳಿ ಕು ಕ್ಲಕ್ಸ್ ಕ್ಲ್ಯಾನ್ ಮಂದಿಗಿಂತ ಎಷ್ಟೋ ವಾಸಿ.

ಸುಮಾ: ಪ್ರೀತಿ ಇಲ್ಲ ಅಂತ ನಾನೂ ಹೇಳ್ತಿಲ್ಲ. ಸಿನಿಮಾದಲ್ಲಿ ಆ ಮುದುಕ ವಾದ್ಯಗಾರ ಡೆಲ್ಟಾ ಸ್ಲಿಮ್ ಹೇಳೋದೂ ಅದೇ ತಾನೆ. ಬಿಳಿಯರಿಗೆ ಬ್ಲೂಸ್, ಅಂದ್ರೆ ಕಪ್ಪು ಜನರ ಈ ಸಂಗೀತ, ತುಂಬಾ ಇಷ್ಟ, ಅದನ್ನ ಹಾಡೋ ಜನ ಮಾತ್ರ ಇಷ್ಟ ಇಲ್ಲ, ಅಂತ.

ಶ್ರೀಧರ: ನಾನು ಇಲ್ಲಿ ಅಟ್ಲಾಂಟಾದಲ್ಲಿ ಥಿಯೇಟರ್‌ನಲ್ಲೇ ನೋಡಿದ್ದು. ಬಾಗಿಲ ಸೀನ್ ಮರೆಯೋಕಾಗಲ್ಲ. ರೆಮ್ಮಿಕ್, ಜೊತೆಗೆ ಗಂಡ ಹೆಂಡತಿ ಇಬ್ಬರು, ಮೂರೂ ಜನ ಬಿಳಿಯರು. ಕೈಯಲ್ಲಿ ಬ್ಯಾಂಜೊ, ಗಿಟಾರ್‌ನಂಥ ತಂತಿವಾದ್ಯ. ‘ನಾವೂ ಹಾಡೋರು, ಒಳಗೆ ಬಿಡಿ’ ಅಂತ ಒಂದು ಹಾಡು ಹಾಡಿ ತೋರಿಸ್ತಾರೆ. ಯಾವ ಹಾಡು? ‘ಪಿಕ್ ಪೂರ್ ರಾಬಿನ್ ಕ್ಲೀನ್’. ಲ್ಯೂಕ್ ಜೋರ್ಡಾನ್ ಅನ್ನೋ ಕಪ್ಪು ಹಾಡುಗಾರ 1927ರಲ್ಲಿ ರೆಕಾರ್ಡ್ ಮಾಡಿದ್ದು. ಹಕ್ಕಿಯ ಪುಕ್ಕ ಒಂದೂ ಬಿಡದೆ ಕಿತ್ತು ತಿಂದ ಹಾಡು. ಬ್ಯಾಂಜೊ ಮೂಲ ಕೂಡ ಆಫ್ರಿಕಾದ್ದೇ, ಗುಲಾಮರ ಜೊತೆ ಬಂದದ್ದು. ಅವರ ವಾದ್ಯ, ಅವರ ಹಾಡು, ಅವರದೇ ಬಾಗಿಲು. ಹಾಡ್ತಾರೆ ಚೆನ್ನಾಗಿಯೇ, ಶ್ರುತಿ ಎಲ್ಲೂ ತಪ್ಪಲ್ಲ. ಮೈ ಜುಮ್ಮೆನ್ನೋದು ಅದಕ್ಕೇ.

ವಿನೋದ್: ನನಗೆ ಇದೆಲ್ಲ ಗೊತ್ತಿರಲಿಲ್ಲ ಮಾರಾಯ. ನಾನು ಬರೀ ಬ್ಯಾಂಜೊ ಚಂದ ಉಂಟು ಅಂದುಕೊಂಡೆ.

ಮಂಜು: ಹಂಗಾದ್ರ ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಇದ ಸಿನಿಮಾಕ್ಕ ಸಂಗೀತ ಮಾಡಿದಂವಾ ಯಾರು? ಲುಡ್ವಿಗ್ ಯೋರಾನ್ಸನ್. ಸ್ವೀಡನ್ ಮನಿಷಾ. ಹಾಲು ಬಿಳುಪು. ಈಗ ಇದಕ್ಕ ಏನಂತೀ ಸುಮಾ?

ರಫೀಕ್: 😂😂 ಗೋಲ್!

ಸುಮಾ: ಗೋಲ್ ಅಲ್ಲ ರಫೀಕ್, ಆಫ್‌ಸೈಡ್. ಯೋರಾನ್ಸನ್, ನಿರ್ದೇಶಕ ರಯಾನ್ ಕೂಗ್ಲರ್ ಇಬ್ಬರೂ ಕಾಲೇಜ್ ದಿನದಿಂದ ಗೆಳೆಯರು. ಕೂಗ್ಲರ್‌ನ ಮೊದಲ ಸಿನಿಮಾದಿಂದ ಅವನದ್ದೇ ಸಂಗೀತ. ವಿನೋದ್ ಕಳಿಸಿದ ಆ ಹಾಡನ್ನ ರಫೇಲ್ ಸಾದಿಕ್ ಅನ್ನೋ ಕಪ್ಪು ಹಾಡುಗಾರನ ಜೊತೆ ಕೂತು ಬರೆದದ್ದು, ಕೆಳಗೆ ಇಬ್ಬರ ಹೆಸರೂ ಇದೆ. ಕೊನೆಯಲ್ಲಿ ಮುದುಕ ಸ್ಯಾಮಿಯಾಗಿ ಬರೋದು ಬಡ್ಡಿ ಗೈ, ನಿಜವಾದ ಬ್ಲೂಸ್ ದಿಗ್ಗಜ. ಯೋರಾನ್ಸನ್‌ನನ್ನ ಕರೆದರು, ಬಂದ, ಜೊತೆಗೆ ಕೂತು ಮಾಡಿದ. ನನ್ನ ತಕರಾರು ಬಿಳಿ ಚರ್ಮದ ಮೇಲೆ ಇದ್ದಿದ್ದರೆ ನೀನು ಹೇಳಿದ್ದು ಸರಿ.

ಮಂಜು: ಹಂಗಂದ್ರ ಕರದ್ರ ಕಲೆ, ಕರೀಲಿಲ್ಲಂದ್ರ ಕಳುವು? ಹಾಸ್ಟೆಲ್ ಡೇಗೆ ನಾ ಇಂಗ್ಲೆಂಡಿನ ರಾಕ್ ಗುಂಪು ಲೆಡ್ ಜೆಪ್ಪೆಲಿನ್‌ದು ಹಾಡಿದ್ದೆ, ನೀವೆಲ್ಲಾ ಬೆಂಚ್ ಮ್ಯಾಲೆ ನಿಂತು ಕುಣದ್ರಿ. ಅದಕ್ಕ ನನ್ನ ಯಾರು ಕರದಿದ್ರು?

ಶ್ರೀಧರ: ಜೆಪ್ಪೆಲಿನ್ ಹೆಸರು ನೀನೇ ತೆಗೆದೆ, ನಾನಲ್ಲ. ‘ಹೋಲ್ ಲಾಟ್ಟ ಲವ್’ 1969. ಅದರ ಸಾಲುಗಳು ಎಲ್ಲಿಯವು? ಇಬ್ಬರೂ ಕಪ್ಪು ಬ್ಲೂಸ್ ಕಲಾವಿದರು, ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ ‘ಯು ನೀಡ್ ಲವ್’. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದ ಮೇಲೆ ರಾಜಿ ಆಯ್ತು, ಆಮೇಲೆ ಅವನ ಹೆಸರು ಸೇರಿತು. ಈ ಕಡೆ ರೋಲಿಂಗ್ ಸ್ಟೋನ್ಸ್ ನೋಡು. ಅವರೂ ಇಂಗ್ಲೆಂಡಿನ ಬಿಳಿ ಹುಡುಗರೇ, ಗುಂಪಿನ ಹೆಸರು ಕೂಡ ಮಡ್ಡಿ ವಾಟರ್ಸ್ ಹಾಡಿಂದ ತಗೊಂಡದ್ದು. 1965ರಲ್ಲಿ ಅಮೆರಿಕದ ಟಿವಿ ಶೋಗೆ ಕರೆದಾಗ, ಕಪ್ಪು ಬ್ಲೂಸ್ ಹಾಡುಗಾರ ಹೌಲಿನ್ ವುಲ್ಫ್ ಬಂದರೆ ಮಾತ್ರ ನಾವು ಬರ್ತೀವಿ ಅಂದ್ರು. ವುಲ್ಫ್ ಹಾಡುವಾಗ ಕಾಲ ಬುಡದಲ್ಲಿ ಕೂತು ಕೇಳಿದ್ರು. ಸ್ಟೋನ್ಸ್ ಸಾಧುಗಳು ಅಂತಲ್ಲ. ಆದರೆ ಒಂದೇ ದೇಶ, ಒಂದೇ ಬಣ್ಣ, ಒಂದೇ ಹಾಡು, ನಡವಳಿಕೆ ಬೇರೆ.

ಸುಮಾ: ಬಿಳಿ ರಾಕ್ ತಾರೆ ಎಲ್ವಿಸ್ ಪ್ರೀಸ್ಲಿನ ಬಿಟ್ಟೆಯಲ್ಲ. ‘ಹೌಂಡ್ ಡಾಗ್’ ಕಪ್ಪು ಹಾಡುಗಾರ್ತಿ ಬಿಗ್ ಮಾಮಾ ಥಾರ್ನ್‌ಟನ್ ಹಾಡು. ಅವಳಿಂದ ಕದ್ದ.

ಶ್ರೀಧರ: ಇಲ್ಲ ಸುಮಾ, ಅಲ್ಲಿ ಸ್ವಲ್ಪ ನಿಲ್ಲು. ಆ ಹಾಡು ಬರೆದವರು ಲೈಬರ್, ಸ್ಟೋಲರ್ ಅನ್ನೋ ಇಬ್ಬರು ಯಹೂದಿ ಹುಡುಗರು, ಅವಳಿಗಾಗಿಯೇ. ಜೀವ ತುಂಬಿದ್ದು ಥಾರ್ನ್‌ಟನ್, ಕೋಟಿ ಕೋಟಿ ಬಾಚಿದ್ದು 1956ರ ಎಲ್ವಿಸ್. ಅದು ಅನ್ಯಾಯ, ಆದರೆ ಕಳವು ಅಂದ್ರೆ ಮಂಜು ಕೈಗೆ ನಾವೇ ಕೋಲು ಕೊಟ್ಟ ಹಾಗೆ. ಎಲ್ವಿಸ್ ವಿಷಯಕ್ಕೆ ಆರ್ಥರ್ ಕ್ರುಡಪ್ ಅನ್ನೋ ಕಪ್ಪು ಹಾಡುಗಾರನ ಉದಾಹರಣೆ ಸರಿ. 1954ರ ಎಲ್ವಿಸ್‌ನ ಮೊದಲ ರೆಕಾರ್ಡ್ ಕ್ರುಡಪ್ ಬರೆದ ಹಾಡು. ಅವನು ಸಾಯೋವರೆಗೂ ರಾಯಲ್ಟಿಗೆ ಬಡಿದಾಡಿದ. ಅಲ್ಲೂ ನುಂಗಿದ್ದು ಮುಖ್ಯವಾಗಿ ಕಂಪನಿ, ಮ್ಯಾನೇಜರ್.

ಮಂಜು: ಕೋಲು ಕೊಟ್ಟಿರಿ, ಥ್ಯಾಂಕ್ಸ್. ನನ್ನ ಖರೇ ತಕರಾರು ಬ್ಯಾರೇನ ಐತಿ. ಐರಿಶ್ ಮಂದೀನ ಯಾಕ ಪಿಶಾಚಿ ಮಾಡಿದ್ರು? ಅವರೂ ಬ್ರಿಟಿಷರ ಕಾಲಾಗ ಸಿಕ್ಕು ನುಗ್ಗಾದವರು. ಹೊಲಾ ಹೋತು, ಭಾಷಾ ಹೋತು. ಅದ್ರಾಗ ಆ ಐರಿಶ್ ಕುಣಿತದ ಸೀನ್ ಐತಲ್ಲ, ಕತ್ತಲಾಗ ಸುತ್ತಗಟ್ಟಿ ಕುಣಿಯೂದು, ಇಡೀ ಸಿನಿಮಾದಾಗ ನನಗ ಅದ ಭಾಳ ಸೇರಿದ್ದು.

ಸುಮಾ: ನನಗೂ! ಅದೇ ಕೂಗ್ಲರ್‌ನ ಜಾಣತನ ಕಣೋ. ಲೂಟಿಯಾದವನೇ ಲೂಟಿಗೆ ಬಂದಿದ್ದಾನೆ. ಸ್ಯಾಮಿ ಭಯದಲ್ಲಿ ಪ್ರಾರ್ಥನೆ ಹೇಳ್ತಾನೆ, ರೆಮ್ಮಿಕ್ ದನಿ ಸೇರಿಸ್ತಾನೆ. ನಮ್ಮಪ್ಪನ ನೆಲ ಕಿತ್ತುಕೊಂಡವರೇ ಈ ಮಾತನ್ನ ನಮ್ಮ ಬಾಯಿಗೆ ತುರುಕಿದ್ದು, ಆದ್ರೂ ಇದು ಹೇಳಿದ್ರೆ ಈಗಲೂ ಸಮಾಧಾನ ಆಗತ್ತೆ ಅಂತಾನೆ. ಅವನಿಗೂ ತನ್ನ ಸತ್ತವರನ್ನ ನೋಡ್ಬೇಕು, ಅದಕ್ಕೇ ಈ ಹುಡುಗನ ಹಾಡು. ನನಗೆ ಅವನ ಮೇಲೆ ಕರುಣೆ ಬಂತು. ಆದರೆ ಅವನು ಕಚ್ಚಿ ತನ್ನ ಹಾಗೇ ಪಿಶಾಚಿ ಮಾಡಿಕೊಂಡ, ಅವನ ಸುತ್ತ ಕುಣಿಯೋರನ್ನ ನೋಡು. ಒಂದು ಗಂಟೆ ಹಿಂದೆ ಬ್ಲೂಸ್‌ಗೆ ಕುಣಿದವರೇ, ಈಗ ಅವನ ಹಾಡಿಗೆ, ಅವನ ಹೆಜ್ಜೆಗೆ. ಎಲ್ಲರೂ ಒಂದೇ ಅಂದ್ರೆ ಎಲ್ಲರೂ ರೆಮ್ಮಿಕ್!

ಶ್ರೀಧರ: ರೆಮ್ಮಿಕ್‌ನ ಬೆನ್ನು ಹತ್ತಿ ಬರೋರು ಚೋಕ್ಟಾ ಅನ್ನೋ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರು, ಗಮನಿಸಿದ್ರಾ? 1847ರಲ್ಲಿ ಐರ್ಲೆಂಡಿನ ಬರಗಾಲಕ್ಕೆ ದುಡ್ಡು ಒಟ್ಟು ಮಾಡಿ ಕಳಿಸಿದ್ದು ಅದೇ ಚೋಕ್ಟಾ ಜನ, ತಮ್ಮ ನೆಲದಿಂದ ಒಕ್ಕಲೆಬ್ಬಿಸಿ ಇನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ. ಅದನ್ನ ಗೊತ್ತಿದ್ದು ನೋಡಿದ್ರೆ ಆ ಸೀನ್ ಬೇರೇನೇ.

ಪ್ರಕಾಶ: ಬೆಳಿಗ್ಗೆಯಿಂದ ಓದ್ತಾ ಇದ್ದೆ, ಈಗ ಒಂದು ಮಾತು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಜನ ಕೂಡ ಆಫ್ರಿಕಾದಿಂದ ಬಂದವರ ಮಕ್ಕಳೇ. ಡಮಾಮಿ ಬಾರಿಸಿ ಕುಣೀತಾರೆ. 2021ರ ‘ಸಲಗ’ದ ‘ಟಿಣಿಂಗ ಮಿಣಿಂಗ’ ಹಾಡಿಗೆ ನೀವೆಲ್ಲ ಮದುವೆ ಮದುವೆಯಲ್ಲಿ ಕುಣಿದಿರಿ. ಅದರಲ್ಲಿರೋದು ಸಿದ್ದಿ ಹೆಣ್ಮಕ್ಕಳ ದನಿ, ಹೆಸರೂ ಹಾಕಿದ್ದಾರೆ, ಒಳ್ಳೇದಾಯ್ತು. ಅದೇ ಊರಿನ ಹುಡುಗ ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳೋಕೆ ಹೋದ್ರೆ ‘ಯಾವ ದೇಶ, ಪಾಸ್‌ಪೋರ್ಟ್ ತೋರಿಸು’ ಅಂತಾರೆ. ಅವನು ಕನ್ನಡದಲ್ಲೇ ಉತ್ತರ ಕೊಟ್ರೂ ನಂಬಲ್ಲ.

ವಿನೋದ್: ...

ರಫೀಕ್: ಇದಕ್ಕೆ ಇಮೋಜಿ ಹಾಕೋಕಾಗಲ್ಲ ಪ್ರಕಾಶ.

ಮಂಜು: ಖರೇ ಐತಿ ಪ್ರಕಾಶ. ಆದ್ರ ಅದು ಹಾಡಿಂದ ತಪ್ಪಲ್ಲ, ಮನಿ ಮಾಲಕಂದು. ಹಾಡು ಬಂದ್ ಮಾಡಿದ್ರ ಮನಿ ಸಿಗತೈತೇನು?

ಸುಮಾ: ಹಾಡು ಬಂದ್ ಮಾಡು ಅಂತ ಯಾರಂದ್ರು? ಲೆಕ್ಕ ಕೇಳ್ತಿದ್ದೀವಿ ಅಷ್ಟೆ. ಆ ಜೂಕ್ ಜಾಯಿಂಟ್‌ನಲ್ಲಿ ಜನ ಕುಡಿದದ್ದಕ್ಕೆ ಏನು ಕೊಡ್ತಾರೆ ನೆನಪಿದೆಯಾ? ತೋಟದ ಮಾಲೀಕ ಕೊಟ್ಟ ಟೋಕನ್. ಅವನ ಅಂಗಡೀಲಿ ಬಿಟ್ರೆ ಎಲ್ಲೂ ನಡೆಯಲ್ಲ. ಹೌಸ್ ಫುಲ್, ಗಲ್ಲಾ ಖಾಲಿ. ಸಾಮಿಲ್ ಮಾರಿದವನು ಕ್ಲ್ಯಾನ್ ಮನುಷ್ಯ, ದುಡ್ಡೂ ತಗೊಂಡ, ಬೆಳಗಾದ್ರೆ ಕೊಲ್ಲೋಕೂ ಬರ್ತಾನೆ.

ಶ್ರೀಧರ: ಕೂಗ್ಲರ್ ಸಿನಿಮಾ ಕಂಪನಿ ವಾರ್ನರ್ ಬ್ರದರ್ಸ್ ಜೊತೆ ಮಾಡ್ಕೊಂಡ ಕರಾರು ಇದಕ್ಕೇ. 25 ವರ್ಷ ಆದ ಮೇಲೆ ಸಿನಿಮಾದ ಹಕ್ಕು ಅವನಿಗೇ ವಾಪಸ್. ಕಪ್ಪು ಜನ ಸ್ವಂತದ್ದು ಅಂತ ಒಂದು ಜಾಗ ಮಾಡ್ಕೊಳ್ಳೋ ಕಥೆ, ಹಾಗಾಗಿ ಈ ಸಿನಿಮಾಕ್ಕೆ ಅದು ಬೇಕೇ ಬೇಕು ಅಂತ ಅವನೇ ಹೇಳಿದ್ದಾನೆ. 36 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ ಸಿನಿಮಾ. ಹಾಲಿವುಡ್‌ನಲ್ಲಿ ಕೆಲವರಿಗೆ ಹೊಟ್ಟೆನೋವು ಬಂದದ್ದು ರಕ್ತ ನೋಡಿ ಅಲ್ಲ, ಆ ಕರಾರು ನೋಡಿ.

ಮಂಜು: ಕರಾರಿಗೆ ನನ್ನ ಪೂರಾ ಬೆಂಬಲ. ಬರದಂವಗ ರೊಕ್ಕ, ಬರದಂವಂದು ಹೆಸರು, ಬೇಕಾದ್ರ ಸ್ಟ್ಯಾಂಪ್ ಪೇಪರ್ ಮ್ಯಾಲೆ ಸಹಿ ಹಾಕ್ತೀನಿ. ಆದ್ರ ಡಿಸೆಂಬರ್ ಗೆಟ್ ಟುಗೆದರ್‌ಗೆ ನಾ ಜೆಪ್ಪೆಲಿನ್ ಹಾಡಾಂವನ.

ಸುಮಾ: ಹಾಡು. ಶುರು ಮಾಡೋ ಮುಂಚೆ ಮೈಕಲ್ಲಿ ವಿಲ್ಲಿ ಡಿಕ್ಸನ್ ಹೆಸರು ಹೇಳ್ಬೇಕು.

ಮಂಜು: ಹೇಳ್ತೀನ್ಲೇ. ಕೀಬೋರ್ಡಿಗೆ ನೀ ಬಾ.