ಸಹಾಯ ಬೇಕು: ಮರಳಿನ ಮೈಕ್ರೋಪ್ಲಾಸ್ಟಿಕ್ ಎಣಿಸಾಯ್ತು, ಅಪಾಯದ ಲೆಕ್ಕ ಹೇಗೆ?

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಮೈಕ್ರೋಪ್ಲಾಸ್ಟಿಕ್ (5 ಮಿ.ಮೀ.ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರು) ಎಣಿಸಲು ಮಂಗಳೂರಿನ ತಣ್ಣೀರುಬಾವಿ ಕಡಲತೀರದ ಮರಳು ತಂದಿದ್ದೇನೆ. ಒಣಗಿಸಿ, 5 ಮಿ.ಮೀ. ಜರಡಿ ಹಿಡಿದು, ಗಟ್ಟಿ ಉಪ್ಪುನೀರಲ್ಲಿ ತೇಲಿಸಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಪಾಚಿ, ಕಸಕಡ್ಡಿ ಕರಗಿಸಿದೆ. ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಜಾಸ್ತಿ ನೀಲಿ ಎಳೆಗಳೇ, ಬಹುಶಃ ಮೀನುಬಲೆಯವು. (ಪಿವಿಸಿ, ಪೆಟ್‌ನಂಥ ಭಾರದ ಪ್ಲಾಸ್ಟಿಕ್ ಈ ಉಪ್ಪುನೀರಲ್ಲಿ ಮುಳುಗಿ ಎಣಿಕೆ ತಪ್ಪಿಸಿಕೊಳ್ಳುತ್ತವೆ, ಗೊತ್ತು. ಅದಕ್ಕೆ ಬೈಬೇಡಿ!)

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಸಿಕ್ಕ ಪ್ರಮಾಣವನ್ನು ಜೀವಿಗಳಿಗೆ ತೊಂದರೆಯಾಗದ ಮಿತಿಯಿಂದ ಭಾಗಿಸಬೇಕು. 1 ದಾಟಿದರೆ ಅಪಾಯ. ನನ್ನ ಎಣಿಕೆ ಕಿಲೋ ಒಣಮರಳಿಗೆ. ನನಗೆ ಸಿಕ್ಕ ಮಿತಿಗಳೆಲ್ಲ ಲೀಟರ್ ನೀರಿಗೆ. ಸುಮ್ನೆ ಭಾಗಿಸಿದರೆ ಅರ್ಥವೇ ಇಲ್ಲ, ಅಲ್ವಾ? ಗೈಡ್ 'ಪಾಲಿಮರ್ ಹಜಾರ್ಡ್ ಇಂಡೆಕ್ಸ್ (ಪ್ಲಾಸ್ಟಿಕ್ ಬಗೆಗಳ ಅಪಾಯದ ಸೂಚ್ಯಂಕ) ಸಾಕು' ಅಂತಾರೆ. ಆದರೆ ಅದು ಯಾವ ಪ್ಲಾಸ್ಟಿಕ್ ಶೇಕಡಾ ಎಷ್ಟು ಅಂತ ನೋಡುತ್ತದೆ, ಒಟ್ಟು ಎಷ್ಟಿದೆ ಅಂತಲ್ಲ.

ಮರಳಿಗೇ ಅನ್ವಯಿಸುವ ಮಿತಿ ಯಾವುದಾದರೂ ಇದೆಯಾ? ಇಲ್ಲದಿದ್ದರೆ ಗೈಡ್ ಹೇಳಿದ ಇಂಡೆಕ್ಸ್ ಜೊತೆಗೆ ಪೊಲ್ಯೂಷನ್ ಲೋಡ್ ಇಂಡೆಕ್ಸ್ (ಸಿಕ್ಕ ಪ್ರಮಾಣವನ್ನು ಒಂದು ಮೂಲ ಪ್ರಮಾಣಕ್ಕೆ ಹೋಲಿಸುವ ಸೂಚ್ಯಂಕ) ಇಟ್ಟರೆ ಪರೀಕ್ಷಕರು ಒಪ್ಪುತ್ತಾರಾ? ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.